ಕ್ಯಾಲೆಂಡರ್ ಇನ್ನು ನಿನ್ನ ಕೈಯಲ್ಲಿ

ಪ್ರೀತಿಯ ಮಗಳೇ,

ಮುಂದಿನ ತಿಂಗಳಿಂದ ನಮ್ಮ ಹೋಂಸ್ಟೇಯ ಮೂರೂ ಕೋಣೆಗಳ ಬುಕಿಂಗನ್ನು ಮೈಸೂರಿನಿಂದಲೇ ನೀನು ನೋಡಿಕೊಳ್ಳುವುದೆಂದು ಆಗಿದೆಯಲ್ಲ. ಫೋನಿನಲ್ಲಿ ಹೇಳಿದ್ದು ನಿಲ್ಲುವುದಿಲ್ಲ, ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ನಮಗೆ ಗೆಸ್ಟುಗಳು ಬರುವುದು ಏರ್‌ಬಿಎನ್‌ಬಿ, ಬುಕಿಂಗ್ ಡಾಟ್ ಕಾಮ್, ಆಮೇಲೆ ನೇರವಾಗಿ ಫೋನಿನ ಮೂಲಕ. ಯಾವ ತಾರೀಕು ತುಂಬಿದೆ ಎಂದು ಎರಡು ಆ್ಯಪ್‌ಗಳ ನಡುವೆ ಸುದ್ದಿ ಮುಟ್ಟಿಸುವುದು ಐಕ್ಯಾಲ್ ಲಿಂಕ್, ಅಂದರೆ ಆ ಕೋಣೆಯ ಕ್ಯಾಲೆಂಡರಿನ ವೆಬ್ ವಿಳಾಸ. ಅಲ್ಲಿಯದನ್ನು ಇಲ್ಲಿ, ಇಲ್ಲಿಯದನ್ನು ಅಲ್ಲಿ, ಎರಡೂ ಕಡೆ ಅಂಟಿಸಬೇಕು. ಕೋಣೆಗೆ ಎರಡರಂತೆ ಒಟ್ಟು ಆರು ಲಿಂಕ್. ಒಂದನೇ ಕೋಣೆಯ ಲಿಂಕ್ ಎರಡನೆಯದಕ್ಕೆ ಬಿದ್ದರೂ ಆ್ಯಪ್ ಏನೂ ಹೇಳುವುದಿಲ್ಲ, ಸುಮ್ಮನೆ ತಪ್ಪು ಕೋಣೆ ಮುಚ್ಚಿಕೊಳ್ಳುತ್ತದೆ. ಅಂಟಿಸಿದ ಮೇಲೆ ಆರು ತಿಂಗಳಾಚೆಯ ಒಂದು ತಾರೀಕನ್ನು ಬ್ಲಾಕ್ ಮಾಡಿ, ಕೆಲವು ಗಂಟೆ ಬಿಟ್ಟು ಇನ್ನೊಂದು ಕಡೆ ಅದೇ ಕೋಣೆಯಲ್ಲಿ ಅದೇ ತಾರೀಕು ಮುಚ್ಚಿತೇ ನೋಡು. ಆಮೇಲೆ ತೆಗೆದುಹಾಕು.

ಈ ಲಿಂಕ್ ಸಾಗಿಸುವುದು ತಾರೀಕನ್ನು ಮಾತ್ರ. ದರ, ಕನಿಷ್ಠ ರಾತ್ರಿಗಳ ಲೆಕ್ಕ ಯಾವುದೂ ಹೋಗುವುದಿಲ್ಲ. ಇನ್ನೂ ದೊಡ್ಡ ತೊಂದರೆಯೆಂದರೆ ಅದು ಕೂಡಲೇ ಹೋಗುವುದಿಲ್ಲ, ಕೆಲವು ಗಂಟೆಗಳಿಗೊಮ್ಮೆ ಹೋಗುತ್ತದೆ. ಒಂದೇ ಕೋಣೆ ಇಬ್ಬರಿಗೆ ಹೋಗುವುದು ಆ ಗಂಟೆಗಳಲ್ಲೇ. ಆದ್ದರಿಂದ ಒಂದು ಕಡೆ ಬುಕಿಂಗ್ ಬಿದ್ದ ತಕ್ಷಣ ಇನ್ನೊಂದು ಕಡೆ ಕೈಯಾರೆ ಬ್ಲಾಕ್ ಮಾಡು. ಕೈಯಾರೆ ಹಾಕಿದ್ದನ್ನು ಕೈಯಾರೆಯೇ ತೆಗೆಯಬೇಕು, ಬುಕಿಂಗ್ ರದ್ದಾದಾಗ ಇದು ನೆನಪಿರಲಿ. ಇಲ್ಲದಿದ್ದರೆ ಖಾಲಿ ಕೋಣೆ ಮುಚ್ಚಿಕೊಂಡೇ ಕೂತಿರುತ್ತದೆ.

ನೋಟ್‌ಬುಕ್ಕಿನಲ್ಲಿ ಹಗಲನ್ನಲ್ಲ, ರಾತ್ರಿಯನ್ನು ಬರೆ. ಹೀಗೆ: “ಕೋಣೆ 2, ರಾತ್ರಿ 14, 15, 16. ಹೊರಡುವುದು 17, ಬೆಳಿಗ್ಗೆ 10.” ಆಗ 17ರ ರಾತ್ರಿ ಖಾಲಿ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. “14ರಿಂದ 17” ಎಂದು ಬರೆದರೆ 17 ಸೇರಿತೋ ಇಲ್ಲವೋ ಎಂದು ಆಮೇಲೆ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

ಇನ್ನು, ಇದ್ದ ಗೆಸ್ಟೇ “ಇನ್ನೊಂದು ದಿನ ಇರ್ತೀವಿ” ಎನ್ನುವ ವಿಚಾರ. ಮಡಿಕೇರಿ ದಸರಾದಲ್ಲಿ ಇದು ಖಂಡಿತ ಬರುತ್ತದೆ. ವಿಜಯದಶಮಿಯ ದಶಮಂಟಪಗಳ ಮೆರವಣಿಗೆ ಬೆಳಗಿನ ಜಾವದವರೆಗೂ ನಡೆಯುತ್ತದೆ, ರಾತ್ರಿಯಿಡೀ ನೋಡಿ ಬಂದವರಿಗೆ ಹತ್ತು ಗಂಟೆಗೆ ಹೊರಡುವುದು ಆಗದ ಮಾತು. ಕೇಳಿದವರ ಮುಂದೆ ತಲೆ ಆಡಿಸಬೇಡ. “ಹತ್ತು ನಿಮಿಷದಲ್ಲಿ ಹೇಳ್ತೀನಿ” ಎಂದು ಎರಡೂ ಆ್ಯಪ್, ನೋಟ್‌ಬುಕ್ ನೋಡು. ಆ ರಾತ್ರಿ ಖಾಲಿ ಇದ್ದರೆ ಮೊದಲು ಇನ್ನೊಂದು ಆ್ಯಪ್‌ನಲ್ಲಿ ಮುಚ್ಚು. ಆಮೇಲೆ ಅವರು ಬುಕ್ ಮಾಡಿದ ಆ್ಯಪ್‌ನಿಂದಲೇ ತಾರೀಕು ಬದಲಾವಣೆಯ ಕೋರಿಕೆ ಕಳಿಸು. ಏರ್‌ಬಿಎನ್‌ಬಿಯಲ್ಲಿ ಗೆಸ್ಟು ಒಪ್ಪಿಗೆ ಒತ್ತುವ ತನಕ ಬುಕಿಂಗ್ ಹಳೆಯದೇ, ಅಷ್ಟರಲ್ಲಿ ಆ ರಾತ್ರಿಯನ್ನು ಬೇರೆಯವರು ಹಿಡಿಯಬಹುದು. ಹಾಗಾಗಿ ಕಳಿಸಿದ ಕೂಡಲೇ ಫೋನ್ ಮಾಡಿ ಒತ್ತಿಸು. ಕಳಿಸುವ ಮುಂಚೆ ಮೊತ್ತ ನೋಡು: ಹೆಚ್ಚಿನ ರಾತ್ರಿಗೆ ಕ್ಯಾಲೆಂಡರಿನಲ್ಲಿರುವ ಈಗಿನ ದರ ಬೀಳುತ್ತದೆ, ಹಬ್ಬದ ದರ ಹಾಕಿದ್ದರೆ ಅವರು ಬೆಚ್ಚಿಬೀಳುತ್ತಾರೆ. ಬೇಕಾದರೆ ಮೊತ್ತವನ್ನು ನೀನೇ ತಿದ್ದಬಹುದು.

ತಾರೀಕು ಬದಲಿಸದೆ ಆ ಹೆಚ್ಚಿನ ಒಂದು ರಾತ್ರಿಗೆ ಹೊಸದಾಗಿ ಬುಕ್ ಮಾಡಿಸುವುದಾದರೆ, ನಮ್ಮ ಕನಿಷ್ಠ 2 ರಾತ್ರಿಯ ನಿಯಮ ಅಡ್ಡ ಬರುತ್ತದೆ. ಆ ತಾರೀಕಿಗಷ್ಟೇ 1 ಮಾಡಿ, ಬುಕಿಂಗ್ ಬಂದ ಮೇಲೆ ಮತ್ತೆ 2ಕ್ಕೆ ತಾ. ಆಗ ಒಬ್ಬರ ಹೆಸರಿನಲ್ಲೇ ಎರಡು ಬುಕಿಂಗ್ ಸಂಖ್ಯೆ ಇರುತ್ತದೆ, ಎರಡನ್ನೂ ಒಂದೇ ಸಾಲಿನಲ್ಲಿ ಬರೆ.

“ಆ್ಯಪ್ ಯಾಕೆ, ಕೈಗೆ ಕ್ಯಾಶ್ ಕೊಡ್ತೀವಿ” ಎನ್ನುವವರು ಇದ್ದೇ ಇರುತ್ತಾರೆ. ಒಪ್ಪಬೇಡ. ಆ್ಯಪ್ ಮೂಲಕ ಬಂದವರ ತಂಗುವಿಕೆಯನ್ನು ಹೊರಗೆ ಮುಂದುವರಿಸುವುದು ಏರ್‌ಬಿಎನ್‌ಬಿ ನಿಯಮಕ್ಕೆ ವಿರುದ್ಧ. ಕ್ಯಾಲೆಂಡರಿಗೂ ಆ ರಾತ್ರಿ ಗೊತ್ತಿರುವುದಿಲ್ಲ, ಏನಾದರೂ ಒಡೆದರೆ ಕೇಳುವುದಕ್ಕೆ ದಾರಿಯೂ ಇರುವುದಿಲ್ಲ.

ಎರಡು ಬುಕಿಂಗ್‌ಗಳ ಮಧ್ಯೆ ಒಂದೇ ರಾತ್ರಿ ಒಂಟಿಯಾಗಿ ಉಳಿದರೆ, 2 ರಾತ್ರಿಯ ನಿಯಮದಿಂದ ಅದನ್ನು ಯಾರೂ ಹಿಡಿಯಲಾರರು. ಸ್ವಲ್ಪ ಕಡಿಮೆ ದರಕ್ಕೆ ಇನ್ನೊಂದು ರಾತ್ರಿ ಇರುತ್ತೀರಾ ಎಂದು ಮೊದಲಿನ ಗೆಸ್ಟನ್ನು ಹೊರಡುವ ಹಿಂದಿನ ಸಂಜೆಯೇ ಕೇಳು. ಚಾದರ, ದಿಂಬಿನ ಕವರು ಒಂದು ಸಲ ಒಗೆಯುವುದು ಉಳಿಯುತ್ತದೆ, ಮಳೆಗಾಲದಲ್ಲಿ ಅದೇ ದೊಡ್ಡದು.

ಬರೀ ಎರಡು ಗಂಟೆ ತಡವಾಗಿ ಹೊರಡುತ್ತೇವೆ ಎಂದರೆ ಅದು ಬೇರೆ. ಅಂದು ಯಾರೂ ಬರುವವರಿಲ್ಲದಿದ್ದರೆ ಬಿಟ್ಟುಬಿಡು. ಮಧ್ಯಾಹ್ನ 1ಕ್ಕೆ ಇನ್ನೊಬ್ಬರು ಬರುವವರಿದ್ದರೆ ಸಾಧ್ಯವಿಲ್ಲ, ಒಂದು ಕೋಣೆ ಸರಿಮಾಡಲು ನಮಗೆ ಎರಡು ಗಂಟೆಯಾದರೂ ಬೇಕು. ಸಾಮಾನು ಹಜಾರದಲ್ಲಿಟ್ಟು ಊಟ ಮುಗಿಸಿ ಹೊರಡಲಿ ಎಂದು ಹೇಳು. ಏನೇ ಬದಲಾದರೂ ನನಗೊಂದು ಫೋನ್ ಮಾಡು, ಕೋಣೆ ಗುಡಿಸುವವರಿಗೆ ನಾನು ಹೇಳಬೇಕು.

ವಿದೇಶದವರಾದರೆ ಬಂದ 24 ಗಂಟೆಯೊಳಗೆ ಅವರ ತಂಗುವಿಕೆಯನ್ನು ಸರ್ಕಾರಕ್ಕೆ ತಿಳಿಸುವ ಫಾರ್ಮ್ 3 (ಮೊದಲು ಫಾರ್ಮ್ ಸಿ ಎನ್ನುತ್ತಿದ್ದುದು) ಆನ್‌ಲೈನಿನಲ್ಲಿ ತುಂಬಲೇಬೇಕು. ಅವರು ದಿನ ಹೆಚ್ಚಿಸಿದಾಗ ವೀಸಾ ಮುಗಿಯುವ ತಾರೀಕನ್ನು ಮತ್ತೊಮ್ಮೆ ನೋಡು.

ಜೂನ್‌ನಿಂದ ಇಲ್ಲಿ ಕರೆಂಟೂ ನೆಟ್‌ವರ್ಕೂ ಹೋಗುತ್ತಿರುತ್ತವೆ. ಫೋನಿನಲ್ಲಿ ಕೇಳಿದವರಿಗೆಲ್ಲ ನಿನ್ನ ನಂಬರು ಕೊಡುತ್ತೇನೆ, ನೀನು ಆ ತಾರೀಕನ್ನು ಎರಡೂ ಆ್ಯಪ್‌ಗಳಲ್ಲಿ ಮುಚ್ಚಿದ ಮೇಲೆಯೇ ಮಾತು ಪಕ್ಕಾ. ಹುತ್ತರಿ ಹಬ್ಬದ ತಾರೀಕು ಗೊತ್ತಾದ ದಿನವೇ ಆ ಮೂರು ರಾತ್ರಿಗಳನ್ನು ಎರಡೂ ಕಡೆ ಬ್ಲಾಕ್ ಮಾಡಿಬಿಡು. ಕೋಣೆ 1ರಲ್ಲಿ ನಿನ್ನ ಅತ್ತೆಯವರು ಇರುತ್ತಾರೆ, ಕೋಣೆ 3 ನಿನಗೆ.

ನಿನ್ನ ಅಮ್ಮ