ಗಾಯ ಎಲ್ಲಾಯಿತು ಎಂದು ಕಾರ್ಮಿಕನನ್ನೇ ಕೇಳಿ

ಮಾನ್ಯರೇ,

ಮೊನ್ನೆ ರಾತ್ರಿ ಪಾಳಿಯಲ್ಲಿ ನನ್ನ ಪಕ್ಕದ ಪವರ್ ಪ್ರೆಸ್‌ನಲ್ಲಿ (ಲೋಹದ ತಗಡು ಒತ್ತುವ ಯಂತ್ರ) ಕೆಲಸ ಮಾಡುತ್ತಿದ್ದ ಗೆಳೆಯನ ತೋರುಬೆರಳು ತುಂಡಾಯಿತು. ಕೈಗೆ ಸಿಕ್ಕ ಕಾಟನ್ ವೇಸ್ಟ್ ಸುತ್ತಿ ಆಟೊದಲ್ಲಿ ಕರೆದೊಯ್ದೆವು. ನರ್ಸಿಂಗ್ ಹೋಮ್ ಚೀಟಿಯಲ್ಲಿ ಸೂಪರ್‌ವೈಸರ್ ಬರೆಸಿದ್ದು ‘ಮನೆಯಲ್ಲಿ ಬಾಗಿಲಿಗೆ ಸಿಕ್ಕಿತು’ ಎಂದು!

ಆ ಒಂದು ಸಾಲಿನಿಂದ ಆತ ಕಳೆದುಕೊಳ್ಳುವುದು ಸಣ್ಣದಲ್ಲ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇದ್ದವರಿಗೆ ಕೆಲಸದಲ್ಲಿ ಪೆಟ್ಟಾದರೆ, ವಾಸಿಯಾಗುವವರೆಗೆ ಸಂಬಳದ ಶೇ 90ರಷ್ಟು ಸಿಗುತ್ತದೆ. ಬೆರಳು ಹೋದರೆ ಊನದ ಪ್ರಮಾಣಕ್ಕೆ ತಕ್ಕ ಪರಿಹಾರವೂ ಉಂಟು. ಸೇರಿದ ಮೊದಲ ದಿನವೇ ಅಪಘಾತವಾದರೂ ಈ ಹಕ್ಕು ಇದೆ.

ಕೆಲಸಕ್ಕೆ ಸೇರುವಾಗಿನ ಮೆಡಿಕಲ್ ಕೂಡ ಹೀಗೇ. ಎತ್ತರ, ತೂಕ, ಬಿಪಿ, ಸಹಿ. ನನಗೆ ಎರಡೇ ನಿಮಿಷದಲ್ಲಿ ಮುಗಿಯಿತು. ದಿನವಿಡೀ ಪ್ರೆಸ್ ಸದ್ದಿನಲ್ಲಿ ನಿಲ್ಲುವವನ ಕಿವಿ ಪರೀಕ್ಷಿಸಲೇ ಇಲ್ಲ. ನಾಳೆ ಕಿವಿ ಮಂದವಾದರೆ ‘ಮೊದಲೇ ಹಾಗಿತ್ತು’ ಅಂದುಬಿಡಬಹುದು, ಅಲ್ವಾ?

ಪೀಣ್ಯದಂಥ ಕಡೆ ಕಾರ್ಖಾನೆಗಳ ಮಧ್ಯೆಯೇ, ಕೆಲಸದಿಂದ ಬರುವ ಗಾಯ-ಕಾಯಿಲೆಗಳನ್ನು ಬಲ್ಲ ಡಾಕ್ಟರಿರುವ ಕ್ಲಿನಿಕ್ ಬೇಕು. ರಾತ್ರಿಯೂ ತೆರೆದಿರಬೇಕು. ಗಾಯ ಎಲ್ಲಿ, ಹೇಗಾಯಿತು ಎಂದು ಗಾಯಾಳುವನ್ನೇ ಕೇಳಿ ಬರೆದುಕೊಳ್ಳಬೇಕು. ಕಾರ್ಮಿಕ ಇಲಾಖೆ ಮತ್ತು ಇಎಸ್‌ಐ ನಿಗಮ ದಯವಿಟ್ಟು ಗಮನಿಸಲಿ.

– ಒಬ್ಬ ಪ್ರೆಸ್ ಆಪರೇಟರ್, ಬೆಂಗಳೂರು