ಒಂದು ಹನಿಯೂ ಒಳಗೆ ಬರಲಿಲ್ಲ: ನಮ್ಮ ಹಳೇ ಗಾಡಿಗೆ ಕೈಜೋಡಿಸಿದವರಿಗೆಲ್ಲ

ಮೊನ್ನೆ ಶನಿವಾರ ರಾತ್ರಿ ಜೋರು ಮಳೆ. ನಾನು, ನನ್ನ ಹೆಂಡತಿ, ಮಗಳು ಮೂವರೂ ಗಾಡಿಯೊಳಗೇ ಮಲಗಿದ್ದೆವು. ಚಾವಣಿ ಪೂರ್ತಿ ಎತ್ತಿತ್ತು. ಸುತ್ತಲಿನ ಕ್ಯಾನ್ವಾಸ್ ಮೇಲೆ ಮಳೆ ಹೊಡೆಯುತ್ತಿತ್ತು. ನಾನು ಟಾರ್ಚ್ ಹಿಡಿದು ನಾಲ್ಕೂ ಮೂಲೆ ಕೈಯಿಂದ ತಡವಿ ನೋಡಿದೆ. ಒದ್ದೆ ಇರಲಿಲ್ಲ. ಒಂದು ಗಂಟೆ ಬಿಟ್ಟು ಮತ್ತೆ ಎದ್ದು ನೋಡಿದೆ. ಆಗಲೂ ಇಲ್ಲ. ಎರಡು ವರ್ಷ ಮೂರು ತಿಂಗಳ ಕೆಲಸ ಮುಗಿಯಿತು ಅಂತ ನನಗೆ ಅನ್ನಿಸಿದ್ದು ಆವಾಗಲೇ. ಕತ್ತಲಲ್ಲಿ ಸುಮ್ನೆ ಕೂತು ಒಬ್ಬೊಬ್ಬರನ್ನೇ ನೆನೆಸಿಕೊಂಡೆ. ಅವರಿಗೆಲ್ಲ ಎಲ್ಲರೆದುರು ಥ್ಯಾಂಕ್ಸ್ ಹೇಳಲೇಬೇಕು.

ಗೊತ್ತಿಲ್ಲದವರಿಗೆ ಗಾಡಿಯ ಬಗ್ಗೆ ಎರಡು ಮಾತು. ಇದು 1976ರ ಟೊಯೊಟಾ ಹೈಲಕ್ಸ್ ಟ್ರಕ್. ಹಿಂದೆ ಸಾಮಾನು ತುಂಬುವ ಜಾಗದಲ್ಲಿ ಅಮೆರಿಕದ ಚಿನೂಕ್ ಕಂಪನಿ ಫೈಬರ್ ಗ್ಲಾಸಿನ ಪುಟ್ಟ ಮನೆ ಕೂರಿಸಿದೆ. ಪಾಪ್-ಟಾಪ್ ಅಂತಾರಲ್ಲ, ಆ ಥರದ್ದು. ಚಾವಣಿ ಮುಚ್ಚಿದ್ದರೆ ಒಳಗೆ ಬಗ್ಗಿಕೊಂಡೇ ಓಡಾಡಬೇಕು. ಎತ್ತಿದರೆ ನೆಟ್ಟಗೆ ನಿಲ್ಲಬಹುದು. ಎಂಜಿನ್ 20ಆರ್, ನಾಲ್ಕು ಸಿಲಿಂಡರ್, 2189 ಸಿಸಿ.

ಮೊದಲ ಥ್ಯಾಂಕ್ಸ್ ಇದನ್ನು ನನಗೆ ಮಾರಿದ ಅಜ್ಜನಿಗೆ. ಹಳೇ ಗಾಡಿ ಮಾರುವವರು ಒಳ್ಳೆಯದನ್ನೇ ತೋರಿಸುತ್ತಾರೆ. ಅಜ್ಜ ನನ್ನ ಕೈ ಹಿಡಿದು ಕೆಟ್ಟಿದ್ದನ್ನೇ ಮೊದಲು ತೋರಿಸಿದರು. "ಎಂಜಿನ್ ಆಮೇಲೆ ನೋಡಪ್ಪ, ನೀರು ಎಲ್ಲಿ ಇಳಿದಿದೆ ಅಂತ ಮೊದಲು ನೋಡು" ಅಂದರು. ಸ್ಕ್ರೂಡ್ರೈವರ್ ತಿರುಗಿಸಿ ಹಿಡಿದು, ಅದರ ಹಿಡಿಯಿಂದ ನೆಲದ ಹಲಗೆಯನ್ನು ಉದ್ದಕ್ಕೂ ಕುಟ್ಟುತ್ತಾ ಹೋದರು. ಟಕ್ ಟಕ್ ಅಂತ ಗಟ್ಟಿ ಸದ್ದು ಬಂದರೆ ಮರ ಚೆನ್ನಾಗಿದೆ. ಬಾಗಿಲ ಹತ್ತಿರ ಬಂದಾಗ ಸದ್ದೇ ಸತ್ತುಹೋಯಿತು. "ಇಲ್ಲಿ ಒತ್ತು" ಅಂದರು. ಒತ್ತಿದೆ. ಬೆರಳು ಪ್ಲೈವುಡ್ ಒಳಗೆ ಇಳಿಯಿತು. ಕಿಟಕಿ ಸುತ್ತ ಹಚ್ಚಿದ್ದ ಸಿಲಿಕೋನ್ ತೋರಿಸಿ, "ಇದು ನಾನೇ ಹಚ್ಚಿದ್ದು, ತಪ್ಪು ಮಾಡಿದೆ, ನೀನು ಪೂರ್ತಿ ಕೆರೆದು ತೆಗಿ" ಅಂದರು. ಕೊನೆಗೆ ಪೆನ್ಸಿಲಿನಲ್ಲಿ ಬರೆದ ಒಂದು ನೋಟ್‌ಬುಕ್ ಕೊಟ್ಟರು. ಆಯಿಲ್ ಯಾವಾಗ ಬದಲಾಯಿಸಿದ್ದು, ಯಾವ ಬೆಲ್ಟ್ ಹಾಕಿದ್ದು, ಎಲ್ಲ ಅದರಲ್ಲಿದೆ. ಆ ಪುಸ್ತಕ ಇಲ್ಲದಿದ್ದರೆ ನಾವು ಎಷ್ಟೋ ಕೆಲಸ ಸುಮ್ಮನೆ ಎರಡೆರಡು ಸಲ ಮಾಡುತ್ತಿದ್ದೆವು. ಅಜ್ಜಾ, ನಿಮ್ಮ ಬರಹದ ಕೆಳಗೇ ಒಂದು ಗೆರೆ ಎಳೆದು ನಾನು ಮುಂದುವರಿಸಿದ್ದೇನೆ. ಪೆನ್ಸಿಲಿನಲ್ಲೇ.

ಮೆಕ್ಯಾನಿಕ್ ಅಣ್ಣನ ವಿಷಯ. ಗಾಡಿ ಬಂದ ದಿನ ನನಗೆ ಎಂಜಿನ್ ಸದ್ದು ಕೇಳುವ ಆತುರ. ಅಣ್ಣ ಬಾನೆಟ್ ಎತ್ತಲೂ ಬಿಡಲಿಲ್ಲ. "ಓಡೋದು ಆಮೇಲೆ ತಮ್ಮಾ, ನಿಲ್ಲೋದು ಮೊದಲು" ಅಂತ ಹೇಳಿ ನಾಲ್ಕೂ ಚಕ್ರ ಬಿಚ್ಚಿದರು. ಬ್ರೇಕ್ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಒಳಗಿಂದಲೇ ತುಕ್ಕು ಹಿಡಿಸುತ್ತದೆ ಅಂತ ನನಗೆ ಆವತ್ತೇ ಗೊತ್ತಾಗಿದ್ದು. ರಬ್ಬರ್ ಪೈಪುಗಳು ಹೊರಗಿಂದ ನೋಡಿದರೆ ಸರಿಯಾಗೇ ಇದ್ದವು. ಒಂದನ್ನು ಸೀಳಿ ತೋರಿಸಿದರು. ಒಳಗೆ ಊದಿಕೊಂಡು ಸೂಜಿ ಹೋಗುವಷ್ಟು ದಾರಿ ಉಳಿದಿತ್ತು. ಪೆಡಲ್ ತುಳಿದರೆ ಆಯಿಲ್ ಹೋಗುತ್ತೆ, ಬಿಟ್ಟರೆ ವಾಪಸ್ ಬರಲ್ಲ, ಬ್ರೇಕ್ ಹಿಡಿದುಕೊಂಡೇ ಇರುತ್ತೆ. ಟೈರ್ ನಾಲ್ಕೂ ನೋಡಲು ಹೊಸದರಂತಿದ್ದವು. ಸ್ಟೆಪ್ನಿ ಪಕ್ಕದಲ್ಲಿ ಕೂತು ಅಣ್ಣ ಅದರ ಮೇಲಿನ ಅಂಕಿ ಓದಿಸಿದರು. ಕೊನೆಯಲ್ಲಿ ಮೂರೇ ಅಂಕಿ. 2000ದಿಂದ ಈಚೆಗೆ ತಯಾರಾದ ಟೈರಿಗೆ ನಾಲ್ಕು ಅಂಕಿ ಇರುತ್ತದೆ, ಎರಡು ವಾರಕ್ಕೆ, ಎರಡು ವರ್ಷಕ್ಕೆ. ಮೂರಿದ್ದರೆ ಅದು ಹೋದ ಶತಮಾನದ ಟೈರು. ಬೇರೆ ಮಾತಾಡದೆ ಐದೂ ಬದಲಾಯಿಸಿದೆವು.

ಆಮೇಲೆ ಕಾರ್ಬೊರೇಟರ್ ಬಿಚ್ಚಿದರು. ಪೆಟ್ರೋಲ್ ಹರಿಯುವ, ಸಾಸಿವೆ ಕಾಳಿನಷ್ಟು ಜೆಟ್‌ಗಳನ್ನು ಒಂದೊಂದಾಗಿ ತೊಳೆದು, ಬೆಳಕಿಗೆ ಹಿಡಿದು, ತೂತಿನ ಆಚೆ ಬೆಳಕು ಕಂಡ ಮೇಲೇ ಬಟ್ಟೆಯ ಮೇಲೆ ಇಡುತ್ತಿದ್ದರು. ಕಣ್ಣು ಸರಿಯಾಗಿ ಕಾಣದ ವಯಸ್ಸಿನಲ್ಲಿ ನಮಗೋಸ್ಕರ ಆ ಕೆಲಸ ಮಾಡಿದರು. ಎಂಜಿನ್ ಮೊದಲ ಸಲ ಹೊತ್ತಿದಾಗ ನಾನು ಕೂಗಿದೆ. ಅಣ್ಣ ಮಾತ್ರ ತಲೆ ಬಗ್ಗಿಸಿ ಟೈಮಿಂಗ್ ಚೈನಿನ ಸದ್ದು ಕೇಳುತ್ತಾ ನಿಂತಿದ್ದರು. ಎರಡು ಸಾಲಿನ ಚೈನು, ಇನ್ನೂ ಬಿಗಿಯಾಗಿದೆ ಅಂತ ತೃಪ್ತಿಯಿಂದ ಹೇಳಿದರು.

ಭಾವಮೈದನಿಗೆ. ಆ ಸಿಲಿಕೋನ್ ಕೆರೆದಿದ್ದು ಅವನು, ಆರು ಭಾನುವಾರ. ಸಿಲಿಕೋನ್ ಸ್ವಲ್ಪ ಉಳಿದರೂ ಅದರ ಮೇಲೆ ಬೇರೆ ಯಾವುದೂ ಅಂಟಲ್ಲ, ಹೊಸ ಸಿಲಿಕೋನ್ ಕೂಡ. ಫೈಬರ್ ಗೀರಬಾರದು ಅಂತ ಪ್ಲಾಸ್ಟಿಕ್ ಪಟ್ಟಿಯಲ್ಲೇ ಕೆರೆದ. ಆಮೇಲೆ ಇಬ್ಬರೂ ಸೇರಿ ಕಿಟಕಿಗಳಿಗೆ ನೀರು ತಡೆಯುವ ಬ್ಯುಟೈಲ್ ಟೇಪ್ ಹಾಕಿ ಕೂರಿಸಿದೆವು. ಮಗುವಿನ ಕೈಗೆ ಸಿಕ್ಕ ಮೇಣದ ಥರ ಮೆತ್ತಗೆ ಇರುತ್ತದೆ ಅದು. ಸ್ಕ್ರೂ ಬಿಗಿಯಾದಂತೆ ನಿಧಾನಕ್ಕೆ ಹೊರಗೆ ಉಬ್ಬುತ್ತದೆ. ನೋಡಲು ನನಗೆ ಈಗಲೂ ಇಷ್ಟ.

ಎಂಟನೇ ತಿಂಗಳಲ್ಲಿ ನಮ್ಮಪ್ಪ ತೀರಿಕೊಂಡರು. ನೆಲ ಕಿತ್ತು ಹಾಕಿದ್ದೆವು, ಕಿಟಕಿ ಇರಲಿಲ್ಲ, ಗಾಡಿ ಟಾರ್ಪಾಲಿನ ಕೆಳಗೆ ನಿಂತಿತ್ತು. ನಾಲ್ಕು ತಿಂಗಳು ನಾನು ಆ ಕಡೆ ತಿರುಗಿಯೂ ನೋಡಲಿಲ್ಲ. ಗುಜರಿಗೆ ಕೊಟ್ಟುಬಿಡೋಣ ಅಂತ ಮನೆಯಲ್ಲಿ ಹೇಳಿದ್ದೂ ಉಂಟು. ಒಂದು ದಿನ ಹೋಗಿ ನೋಡಿದರೆ ಟಾರ್ಪಾಲ್ ಬೇರೆ ಬಣ್ಣದ್ದು. ಹಳೆಯದು ಗಾಳಿಗೆ ಹರಿದುಹೋಗಿತ್ತಂತೆ. ಪಕ್ಕದ ಮನೆ ಅಕ್ಕ, ಭಾವ ಇಬ್ಬರೂ ಹೊಸದು ತಂದು, ಪ್ರತಿ ಕೊಂಡಿಗೂ ಹಗ್ಗ ಹಾಕಿ ಕಟ್ಟಿದ್ದರು. ನನಗೆ ಒಂದು ಮಾತೂ ಹೇಳಿರಲಿಲ್ಲ. ಗಂಟು ಬಿಚ್ಚಿ ಒಳಗೆ ಹೋದೆ. ಎಲ್ಲ ಒಣಗಿತ್ತು. ಆವತ್ತೇ ಮಧ್ಯಾಹ್ನ ಮತ್ತೆ ಕೆಲಸ ಶುರು ಮಾಡಿದೆ.

ಅದೇ ಅಕ್ಕ ನಮ್ಮ ಜೀವವನ್ನೂ ಉಳಿಸಿದರು ಅಂತಲೇ ನಾನು ನಂಬಿದ್ದೇನೆ. ಒಲೆ ಜೋಡಿಸಿದ ದಿನ ಗಾಡಿಯ ಮೆಟ್ಟಿಲ ಮೇಲೆ ಕೂತು ಮಾತಾಡುತ್ತಿದ್ದವರು ತಟ್ಟನೆ ಎದ್ದು, "ಗ್ಯಾಸ್ ವಾಸನೆ ಬರ್ತಿದೆ, ಯಾರೂ ಸ್ವಿಚ್ ಮುಟ್ಟಬೇಡಿ" ಅಂದರು. ಒಳಗೆ ನಿಂತಿದ್ದ ನಮ್ಮ ಮೂಗಿಗೆ ಏನೂ ಬಂದಿರಲಿಲ್ಲ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದ್ದೆಲ್ಲ ನೆಲದ ಮಟ್ಟದಲ್ಲಿ ನಿಲ್ಲುತ್ತದೆ, ಮೆಟ್ಟಿಲ ಹತ್ತಿರ ಇಳಿಯುತ್ತದೆ. ಸಿಲಿಂಡರ್ ಬಂದ್ ಮಾಡಿ ಬಾಗಿಲು ತೆಗೆದಿಟ್ಟೆವು. ಗ್ಯಾಸ್ ಕೆಲಸದವರು ಬಂದು ಸೋಪಿನ ನೀರು ಹಚ್ಚಿದಾಗ ತಾಮ್ರದ ಪೈಪಿನ ಒಂದು ಜಾಯಿಂಟಿನಲ್ಲಿ ಗುಳ್ಳೆ ಎದ್ದಿತು. ಪೈಪ್ ಪೂರ್ತಿ ಹೊಸದು ಹಾಕಿಸಿದೆವು. ಈಗ ನೆಲದಿಂದ ಒಂದು ಗೇಣು ಎತ್ತರದಲ್ಲಿ ಗ್ಯಾಸ್ ಅಲಾರಂ ಇದೆ. ಅಕ್ಕಾ, ನಿಮ್ಮ ಋಣ ದೊಡ್ಡದು.

ಇನ್ನು ಟೈಲರ್ ಅಕ್ಕ. ಹೊಲಿಗೆ ಅಂದರೆ ಇಷ್ಟೊಂದು ಯೋಚನೆ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಚಾವಣಿಯ ಸುತ್ತಲಿನ ಹಳೇ ಕ್ಯಾನ್ವಾಸನ್ನು ಪಿನ್ ಪಿನ್ ಕಿತ್ತು ಜೋಪಾನವಾಗಿ ಒಯ್ದು ಕೊಟ್ಟಿದ್ದೆ, ಅದರ ಅಳತೆಗೇ ಕತ್ತರಿಸಿ ಅಂತ. ಅವರು ಅದನ್ನು ಮೇಜಿನ ಮೇಲೆ ಹರಡಿ, ಅಂಗೈಯಿಂದ ಸವರಿ, "ಇದು ವರ್ಷಗಟ್ಟಲೆ ನೆಂದು ಒಣಗಿ ಕುಗ್ಗಿದೆ. ಇದರ ಅಳತೆಗೆ ಹೊಲಿದರೆ ನಿಮ್ಮ ಚಾವಣಿ ಪೂರ್ತಿ ಏಳಲ್ಲ" ಅಂದರು. ಮಾರನೇ ದಿನ ತಾವೇ ಬಂದರು. ಚಾವಣಿ ಎತ್ತಿಸಿ, ಖಾಲಿ ಜಾಗಕ್ಕೆ ನ್ಯೂಸ್‌ಪೇಪರ್ ಅಂಟಿಸಿ, ಪೆನ್ಸಿಲಿನಲ್ಲಿ ಗೆರೆ ಎಳೆದು ಕತ್ತರಿಸಿಕೊಂಡರು. ಹಳೇ ಬಟ್ಟೆಯ ಪಕ್ಕ ಇಟ್ಟರೆ ಎತ್ತರದಲ್ಲಿ ನಾಲ್ಕು ಸೆಂಟಿಮೀಟರ್ ವ್ಯತ್ಯಾಸ.

ಅಲ್ಲಿಂದ ಅವರ ಕೆಲಸ ನೋಡುವುದೇ ಒಂದು ಪಾಠ. ತುಂಡು ತುಂಡು ಸೇರುವ ಕಡೆ ಹೆಂಚು ಹೊದಿಸಿದ ಹಾಗೆ ಮೇಲಿನ ಬಟ್ಟೆ ಕೆಳಗಿನದರ ಮೇಲೆ ಬರಬೇಕು, ಆಗ ನೀರು ಹೊಲಿಗೆಯೊಳಗೆ ನುಗ್ಗದೆ ಜಾರಿಹೋಗುತ್ತದೆ. ಚಾವಣಿ ಇಳಿಸುವಾಗ ಬಟ್ಟೆ ಹೊರಗೆ ಸಿಕ್ಕಿಹಾಕಿಕೊಳ್ಳಬಾರದು ಅಂತ ನಡುವೆ ಸುತ್ತಲೂ ಎಲಾಸ್ಟಿಕ್ ಕೂರಿಸಿದರು, ಅದೇ ಬಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮೂರು ಕಿಟಕಿಗೂ ಸೊಳ್ಳೆಪರದೆ, ಜಿಪ್. ಎಲ್ಲ ಕೂರಿಸಿ, ಪೈಪಿನಲ್ಲಿ ನೀರು ಬಿಟ್ಟು ನೋಡಿದರೆ ಹೊಲಿಗೆಯ ಉದ್ದಕ್ಕೂ ಹನಿ ಹನಿ ಒಳಗೆ ಬಂತು. ನನ್ನ ಎದೆ ಒಡೆಯಿತು. ಅಕ್ಕ ಮಾತ್ರ ಹೆದರಲಿಲ್ಲ. "ಹತ್ತಿ ಕ್ಯಾನ್ವಾಸು, ನೀರು ಕುಡಿದರೆ ನೂಲು ಊದಿ ಸೂಜಿ ತೂತನ್ನು ತಾನೇ ಮುಚ್ಚಿಕೊಳ್ಳುತ್ತೆ. ಪೂರ್ತಿ ನೆನೆಸಿ, ಪೂರ್ತಿ ಒಣಗಿಸಿ. ಹೀಗೆ ಎರಡು ಮೂರು ಸಲ ಮಾಡಿ" ಅಂದರು. ಮಾಡಿದೆವು. ಮೂರನೇ ಸಲಕ್ಕೆ ಹನಿ ನಿಂತಿತು. ಒದ್ದೆ ಬಟ್ಟೆಯ ಮೇಲೆ ಚಾವಣಿ ಮುಚ್ಚಿಡಬೇಡಿ, ಬೂಷ್ಟು ಹಿಡಿಯುತ್ತೆ ಅಂತ ಎಚ್ಚರಿಸಿ ಹೋದರು. ಶನಿವಾರ ನಾನು ಮೂಲೆ ತಡವಿ ನೋಡುವಾಗ ನೆನಪಾಗಿದ್ದು ಅವರ ಅಂಗೈ.

ಹೆಂಡತಿಗೆ ಏನು ಹೇಳಲಿ? ಗಾಡಿಯ ವೈರಿಂಗ್ ಪೂರ್ತಿ ಅವಳದು. ಮನೆ ಕಡೆಗೆ ಬೇರೆ ಬ್ಯಾಟರಿ, ಎಂಜಿನ್ನಿಗೆ ಬೇರೆ ಬ್ಯಾಟರಿ. ರಾತ್ರಿಯೆಲ್ಲ ಲೈಟ್ ಹಾಕಿಕೊಂಡಿದ್ದರೂ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುತ್ತದೆ. ಪ್ರತಿ ವೈರಿನ ಎರಡೂ ತುದಿಗೆ ಚೀಟಿ ಅಂಟಿಸಿದ್ದಾಳೆ. ನಾನು ಸೋತು ಕೂತಿದ್ದ ನಾಲ್ಕು ತಿಂಗಳಲ್ಲಿ ಅವಳು ಗಾಡಿ ಮಾರು ಅಂತಲೂ ಹೇಳಲಿಲ್ಲ, ಎದ್ದು ಮಾಡು ಅಂತಲೂ ಹೇಳಲಿಲ್ಲ. ಪಕ್ಕದಲ್ಲಿ ಕೂತಿದ್ದಳು, ಅಷ್ಟೇ.

ಮಗಳ ಕೈಯಲ್ಲಿ ರಸಮಟ್ಟ ಇದೆ. ನಮ್ಮ ಗ್ಯಾಸ್ ಫ್ರಿಜ್‌ನಲ್ಲಿ ಕಂಪ್ರೆಸರ್ ಇಲ್ಲ. ಶಾಖದಿಂದಲೇ ತಂಪು ಮಾಡುವ ಈ ವಿಧಾನವನ್ನು 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಪ್ಲಾಟೆನ್ ಮತ್ತು ಮುಂಟರ್ಸ್, ಕಂಡುಹಿಡಿದರು. ಒಳಗಿನ ದ್ರವ ತಾನಾಗೇ ಇಳಿದು ಹರಿಯಬೇಕು, ಹಾಗಾಗಿ ಗಾಡಿ ಮಟ್ಟಸವಾಗಿ ನಿಂತಿರಬೇಕು. ಎಲ್ಲಿ ನಿಲ್ಲಿಸಿದರೂ ಅವಳು ಮೊದಲು ರಸಮಟ್ಟ ಇಟ್ಟು ಗುಳ್ಳೆ ನಡುವೆ ಬಂತಾ ನೋಡುತ್ತಾಳೆ. ಅವಳು ಹೂಂ ಅಂದ ಮೇಲೆ ನಾನು ಇಳಿಯುವುದು.

ಮುಂದಿನ ಭಾನುವಾರ ಅಜ್ಜನ ಮನೆಗೆ ಹೋಗುತ್ತಿದ್ದೇವೆ. ಫೋನಿನಲ್ಲಿ ಹೇಳಿದಾಗ ಅವರು ಕೇಳಿದ್ದು ಒಂದೇ, "ಬಾಗಿಲ ಹತ್ತಿರದ ನೆಲ ಹೇಗಿದೆ?" ಸ್ಕ್ರೂಡ್ರೈವರ್ ತಂದು ಕುಟ್ಟಿ ನೋಡಿ ಅಜ್ಜಾ ಅಂದಿದ್ದೇನೆ.

ಟೈಲರ್ ಅಕ್ಕ ಕತ್ತರಿಸಿದ ನ್ಯೂಸ್‌ಪೇಪರ್ ತುಂಡುಗಳನ್ನು ರಟ್ಟಿಗೆ ಅಂಟಿಸಿ ಇಟ್ಟಿದ್ದೇನೆ, ಒಟ್ಟು ಏಳು. ಇದೇ ಥರದ ಚಾವಣಿಯ ಗಾಡಿ ಇರುವವರು ಯಾರು ಕೇಳಿದರೂ ಕೊಡುತ್ತೇನೆ, ಅಕ್ಕನೂ ಒಪ್ಪಿದ್ದಾರೆ. ಅವರದು ಒಂದೇ ಷರತ್ತು: ಬಟ್ಟೆಗೆ ಕತ್ತರಿ ಹಾಕುವ ಮುಂಚೆ ನಿಮ್ಮ ಚಾವಣಿಯನ್ನು ಪೂರ್ತಿ ಎತ್ತಿ, ಇನ್ನೊಂದು ಸಲ ಅಳತೆ ನೋಡಿಕೊಳ್ಳಬೇಕು.