ತೊಂಬತ್ತರ ರಾಕ್: ಪಟ್ಟಿ ಸರಿ, ಪ್ರತಿ ಯಾವುದು?

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಬಂದ ತೊಂಬತ್ತರ ದಶಕದ ರಾಕ್ ಆಲ್ಬಂಗಳ ಪಟ್ಟಿಯಲ್ಲಿ ದೊಡ್ಡ ತಕರಾರು ಎತ್ತುವಂಥದ್ದೇನೂ ಇಲ್ಲ. ನಿರ್ವಾಣದ ‘ನೆವರ್‌ಮೈಂಡ್’, ಪರ್ಲ್ ಜಾಮ್‌ನ ‘ಟೆನ್’, ಸೌಂಡ್‌ಗಾರ್ಡನ್‌ನ ‘ಸೂಪರ್‌ಅನ್‌ನೋನ್’, ಆಲಿಸ್ ಇನ್ ಚೈನ್ಸ್‌ನ ‘ಡರ್ಟ್’ ನಾಲ್ಕೂ ಇವೆ. ಆಲಿಸ್ ಇನ್ ಚೈನ್ಸ್‌ನದೇ ಆದ ‘ಜಾರ್ ಆಫ್ ಫ್ಲೈಸ್’ ಇಪಿ (ಪೂರ್ಣ ಆಲ್ಬಂಗಿಂತ ಚಿಕ್ಕದು) ಎಂಬ ಕಾರಣಕ್ಕೆ ಹೊರಗುಳಿದಿರಬೇಕು. 1994ರ ಜನವರಿಯಲ್ಲಿ ಬಂದು, ಅಮೆರಿಕದ ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯಲ್ಲಿ ಕಾಲಿಟ್ಟ ವಾರವೇ ಮೊದಲ ಸ್ಥಾನ ಹಿಡಿದ ಮೊತ್ತಮೊದಲ ಇಪಿ ಅದು. ಇರಲಿ. ಲೇಖನ ಹೇಳದೆ ಬಿಟ್ಟ ಮಾತು ಬೇರೆಯೇ ಇದೆ: ಈ ಆಲ್ಬಂಗಳ ಯಾವ ಪ್ರತಿಯನ್ನು ಕೇಳಬೇಕು?

ಮೊಬೈಲ್‌ನಲ್ಲಿ ಹುಡುಕಿದರೆ ಎದುರಿಗೆ ಬರುವುದು ಬಹುತೇಕ ಮರು-ಮಾಸ್ಟರ್ ಮಾಡಿದ, ಅಂದರೆ ಸದ್ದಿನ ಅಂತಿಮ ಹದವನ್ನು ಹೊಸದಾಗಿ ಕೂಡಿಸಿದ ಆವೃತ್ತಿ. ‘ನೆವರ್‌ಮೈಂಡ್’ ಹೊರಬಂದದ್ದು 1991ರ ಸೆಪ್ಟೆಂಬರ್ 24ರಂದು. ಬುಚ್ ವಿಗ್ ಅದನ್ನು ಮುದ್ರಿಸಿದ, ಆಂಡಿ ವಾಲೇಸ್ ಮಿಕ್ಸ್ ಮಾಡಿದ, ಅಂದರೆ ಬೇರೆ ಬೇರೆ ವಾದ್ಯ, ದನಿಗಳನ್ನು ಹದವಾಗಿ ಬೆರೆಸಿದ. ಮೆಲ್ಲಗಿನ ಚರಣ, ಆಮೇಲೆ ಗೋಡೆ ಬಿದ್ದಂಥ ಪಲ್ಲವಿ: ಆಲ್ಬಂ ನಿಂತಿರುವುದೇ ಈ ಏರಿಳಿತದ ಮೇಲೆ. 20ನೇ ವರ್ಷಕ್ಕೆಂದು 2011ರಲ್ಲಿ ತಂದ ಆವೃತ್ತಿಯಲ್ಲಿ ಮೆಲ್ಲಗಿದ್ದುದನ್ನು ಎತ್ತರಿಸಿ ಪಲ್ಲವಿಯ ಮಟ್ಟದ ಹತ್ತಿರಕ್ಕೆ ತಂದುಬಿಟ್ಟರು. ಆ್ಯಪ್‌ಗಳು ಎಲ್ಲ ಹಾಡುಗಳ ಒಟ್ಟು ಸದ್ದನ್ನು ಸಮ ಮಾಡುವುದರಿಂದ ಅದು ಈಗ ಜೋರಾಗಿಯೂ ಕೇಳುವುದಿಲ್ಲ, ಚಪ್ಪಟೆಯಾಗಿ ಮಾತ್ರ ಕೇಳುತ್ತದೆ. ‘ಟೆನ್’ನ ಕಥೆ ಬೇರೆ. 1991ರ ಮೂಲ ಮಿಕ್ಸ್ ಟಿಮ್ ಪಾಮರ್‌ನದು, ಪ್ರತಿಧ್ವನಿ ವಿಪರೀತ. ‘ಓಷನ್ಸ್’ ಹಾಡಿಗೆ ಆತ ಮೆಣಸಿನ ಪುಡಿ ಡಬ್ಬಿಯನ್ನೂ ಬೆಂಕಿ ಆರಿಸುವ ಸಿಲಿಂಡರನ್ನೂ ತಾಳವಾದ್ಯದಂತೆ ಬಳಸಿದ್ದ. 2009ರಲ್ಲಿ ಬ್ರೆಂಡನ್ ಓಬ್ರಯನ್ ಮಾಡಿದ ಹೊಸ ಮಿಕ್ಸ್‌ನಲ್ಲಿ ಆ ಪ್ರತಿಧ್ವನಿ ಬಹುಪಾಲು ಹೋಗಿದೆ. ಹೊಸದನ್ನು ಮೆಚ್ಚುವವರೂ ಇದ್ದಾರೆ, ಅದು ತಪ್ಪಲ್ಲ. ಆದರೆ ತೊಂಬತ್ತೊಂದರಲ್ಲಿ ಜನ ಕೇಳಿದ ‘ಟೆನ್’ ಅದಲ್ಲ.

ಮೂಲ ಮಾಸ್ಟರ್ ಇರುವುದು ಆ ಕಾಲದ ಸಿ.ಡಿ. ಮತ್ತು ಕ್ಯಾಸೆಟ್‌ಗಳಲ್ಲಿ. ಸಿ.ಡಿ. ಸಿಕ್ಕರೆ ಗೆದ್ದಿರಿ. ನಮ್ಮ ಮುಂಬೈಯಲ್ಲಿ ಮಾಟುಂಗಾದಿಂದ ಡೊಂಬಿವಲಿಯವರೆಗೆ ಕನ್ನಡಿಗರ ಮನೆಗಳ ಅಟ್ಟದಲ್ಲಿ ಹೆಚ್ಚಾಗಿ ಉಳಿದಿರುವುದು ಕ್ಯಾಸೆಟ್ಟೇ. ಕಾಲಾ ಘೋಡಾದ ಸಂಗೀತದಂಗಡಿ ರಿದಂ ಹೌಸ್ 2016ರಲ್ಲಿ ಬಾಗಿಲು ಹಾಕಿದ ಮೇಲೆ, ಅಲ್ಲಿಂದ ತಂದದ್ದನ್ನೂ ಗುಜರಿಗೆ ಕೊಡುವವರು ಹೆಚ್ಚಾಗಿದ್ದಾರೆ. ಕೊಡುವ ಮೊದಲು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಅದೂ ಜೂನ್ ಬರುವ ಮೊದಲು, ಗಾಳಿ ಒಣಗಿರುವಾಗ.

ಮೊದಲು ಕ್ಯಾಸೆಟ್ಟಿನ ಕಿಟಕಿಯನ್ನು ಬೆಳಕಿಗೆ ಹಿಡಿದು ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಚುಕ್ಕೆ ಅಥವಾ ಹತ್ತಿಯಂಥ ಎಳೆ ಕಂಡರೆ ಬೂಷ್ಟು. ಅದನ್ನು ಒಳ್ಳೆಯ ಡೆಕ್‌ಗೆ (ಕ್ಯಾಸೆಟ್ ನುಡಿಸುವ ಯಂತ್ರಕ್ಕೆ) ಹಾಕಬೇಡಿ, ಟೇಪನ್ನು ಓದುವ ಹೆಡ್‌ಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಗ್ಯಾಲರಿಯಲ್ಲಿ ಕೂತು, ಪೆನ್ಸಿಲಿನಿಂದ ನಿಧಾನವಾಗಿ ಸುತ್ತುತ್ತಾ ಒಣ ಮೆತ್ತನೆ ಬಟ್ಟೆಯಿಂದ ಒರೆಸಬೇಕು. ಒಮ್ಮೆಗೆ ಮುಗಿಯುವುದಿಲ್ಲ. ಹಳೆಯ ಸ್ಟುಡಿಯೋ ರೀಲುಗಳನ್ನು ಒಲೆಯಲ್ಲಿ ಬಿಸಿಮಾಡುವ ಪದ್ಧತಿಯನ್ನು ಎಲ್ಲೋ ಓದಿ ಕ್ಯಾಸೆಟ್ಟಿಗೂ ಪ್ರಯೋಗಿಸುವವರಿದ್ದಾರೆ. ದಯವಿಟ್ಟು ಬೇಡ, ಅದರ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.

ಬೂಷ್ಟಿಲ್ಲದಿದ್ದರೆ ಟೇಪು ಹೆಡ್‌ಗೆ ತಾಗುವ ಜಾಗದ ಹಿಂದಿನ ಚಿಕ್ಕ ಫೆಲ್ಟ್ ಪ್ಯಾಡ್ ನೋಡಿ. ಮೂವತ್ತು ವರ್ಷದಲ್ಲಿ ಅದರ ಅಂಟು ಒಣಗಿ ಪ್ಯಾಡ್ ಬಿದ್ದಿರುತ್ತದೆ. ಆಗ ಟೇಪು ಹೆಡ್‌ಗೆ ಒತ್ತುವುದಿಲ್ಲ, ಸದ್ದು ಹೋಗಿ ಬಂದು ಮಾಡುತ್ತದೆ. ಐದು ಸ್ಕ್ರೂ ಇರುವ ಹಾಳು ಕ್ಯಾಸೆಟ್ ಒಂದನ್ನು ಬಿಚ್ಚಿ ಅದರ ಪ್ಯಾಡನ್ನು ತಗಡಿನ ಸ್ಪ್ರಿಂಗ್ ಸಮೇತ ಇದಕ್ಕೆ ಹಾಕಿ. ಸ್ಕ್ರೂ ಇಲ್ಲದೆ ಬೆಸೆದ ಡಬ್ಬಿಯಾದರೆ ಟೇಪಿನ ಎರಡೂ ಚಕ್ರಗಳನ್ನೇ ಹೊಸ ಡಬ್ಬಿಗೆ ವರ್ಗಾಯಿಸಬೇಕಾಗುತ್ತದೆ. ಪ್ಲೇ ಒತ್ತುವ ಮೊದಲು ಒಮ್ಮೆ ಕೊನೆಯವರೆಗೆ ಮುಂದಕ್ಕೂ ಹಿಂದಕ್ಕೂ ಓಡಿಸಿ. ಅಂಟಿಕೊಂಡ ಪದರಗಳು ಬಿಡುತ್ತವೆ, ಹಾಡು ಶುರುವಾಗುವ ಮೊದಲೇ ಕೇಳುವ ಅದರ ಕ್ಷೀಣ ನೆರಳೂ ಸ್ವಲ್ಪ ತಗ್ಗುತ್ತದೆ.

ಡೆಕ್ ವರ್ಷಗಟ್ಟಲೆ ಸುಮ್ಮನಿದ್ದರೆ ಒಳಗಿನ ರಬ್ಬರ್ ಬೆಲ್ಟ್ ಡಾಂಬರಾಗಿರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ತೆಗೆಯಿರಿ. ಹೊಸ ಬೆಲ್ಟಿಗೆ ಹಳೆಯದರ ಅಳತೆ ನೆಚ್ಚಬೇಡಿ, ಅದು ಹಿಗ್ಗಿರುತ್ತದೆ. ಬೆಲ್ಟ್ ಹಾಯುವ ದಾರಿಯಲ್ಲಿ ದಾರ ಸುತ್ತಿ ಅಳೆದು, ಅದಕ್ಕಿಂತ ಶೇ. 5ರಿಂದ 8ರಷ್ಟು ಗಿಡ್ಡದ್ದು ಕೇಳಿ. ಮುಂಬೈಯವರಿಗೆ ಲ್ಯಾಮಿಂಗ್ಟನ್ ರೋಡ್, ಪುಣೆಯವರಿಗೆ ಬುಧವಾರ ಪೇಟೆಯ ತಾಪ್ಕೀರ್ ಗಲ್ಲಿ ಇದೆಯಲ್ಲ.

ಈಗ ವೇಗದ ಪ್ರಶ್ನೆ. ಗ್ರಂಜ್ (ಮೇಲಿನ ನಾಲ್ಕು ತಂಡಗಳ ಒರಟು ರಾಕ್ ಶೈಲಿ) ಕೇಳುಗರು ಹೆಚ್ಚಾಗಿ ಎಡವುವುದು ಇಲ್ಲೇ. ಗಿಟಾರ್ ಕೈಯಲ್ಲಿ ಹಿಡಿದು ಶ್ರುತಿ ಹೋಲಿಸಿ ‘ಡೆಕ್ ನಿಧಾನ ಓಡುತ್ತಿದೆ’ ಎಂದು ತೀರ್ಮಾನಿಸುತ್ತಾರೆ. ‘ನೆವರ್‌ಮೈಂಡ್’ನ ‘ಕಮ್ ಆ್ಯಸ್ ಯೂ ಆರ್’ ಹಾಡಿನ ಗಿಟಾರನ್ನೇ ಒಂದು ಪೂರ್ಣ ಸ್ವರ ಕೆಳಗಿಳಿಸಿ ನುಡಿಸಿದ್ದಾರೆ. ‘ಡರ್ಟ್’ನಲ್ಲಿ ಅರ್ಧ ಸ್ವರ ಕೆಳಗೆ. ಅರ್ಧ ಸ್ವರವೆಂದರೆ ವೇಗದಲ್ಲಿ ಸುಮಾರು ಶೇ. 6. ಅದನ್ನು ‘ಸರಿಪಡಿಸಲು’ ಮೋಟರಿನ ಹಿಂದಿನ, ವೇಗ ಹೊಂದಿಸುವ ತೂತಿನಲ್ಲಿ ಸ್ಕ್ರೂಡ್ರೈವರ್ ತಿರುಗಿಸಿದರೆ ‘ಡರ್ಟ್’ನ ಗಾಯಕ ಲೇನ್ ಸ್ಟೇಲಿ ಕಾರ್ಟೂನಿನಂತೆ ಹಾಡುತ್ತಾನೆ. ಕಿವಿ ಬಿಟ್ಟು ಗಡಿಯಾರ ನಂಬಿ: ‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’ 5 ನಿಮಿಷ 1 ಸೆಕೆಂಡಿನ ಹಾಡು, 5 ನಿಮಿಷ 10 ಸೆಕೆಂಡ್ ತೆಗೆದುಕೊಂಡರೆ ಡೆಕ್ ಶೇ. 3 ನಿಧಾನ. ವೇಗದ ಅಲುಗಾಟ ಪರೀಕ್ಷಿಸಲೂ ‘ಕಮ್ ಆ್ಯಸ್ ಯೂ ಆರ್’ ಬೇಡ, ಅದರ ಗಿಟಾರಿನ ನೀರಿನಂಥ ಅಲೆ ಸ್ಮಾಲ್ ಕ್ಲೋನ್ ಎಂಬ, ಗಿಟಾರಿನ ಸದ್ದು ಬದಲಿಸುವ ಪೆಡಲಿನದು. ‘ಸಮ್‌ಥಿಂಗ್ ಇನ್ ದ ವೇ’ಯ ಚೆಲ್ಲೋ ಕೇಳಿ. ಎಳೆದ ಸ್ವರ ನಡುಗಿದರೆ ದೋಷ ಬೆಲ್ಟಿನದು ಅಥವಾ ಟೇಪನ್ನು ಒತ್ತಿ ಎಳೆಯುವ ಪಿಂಚ್ ರೋಲರಿನದು.

ಇಳಿಸುವ ಕೆಲಸಕ್ಕೆಲ್ಲ ‘ಸಮ್‌ಥಿಂಗ್ ಇನ್ ದ ವೇ’ ಹಾಡೇ ಒರೆಗಲ್ಲು. ನಿರ್ವಾಣದ ಗಾಯಕ ಕರ್ಟ್ ಕೋಬೈನ್ ಸ್ಟುಡಿಯೋದ ಕಂಟ್ರೋಲ್ ರೂಮಿನ ಸೋಫಾದಲ್ಲಿ ಮಲಗಿ, ಐದೇ ತಂತಿಯ ಹಳೆ ಗಿಟಾರ್ ಹಿಡಿದು ಪಿಸುಗುಟ್ಟಿದ್ದು ಅದು. ಸದ್ದಾಗಬಾರದೆಂದು ವಿಗ್ ಫೋನು, ಏ.ಸಿ. ಎರಡನ್ನೂ ನಿಲ್ಲಿಸಿದ್ದ. ಆ ಪಿಸುಮಾತು ಟೇಪಿನ ‘ಹಿಸ್’ ಸದ್ದಿಗಿಂತ ಸ್ವಲ್ಪವೇ ಮೇಲಿರುತ್ತದೆ. ಕಂಬಳಿ ಹೊದ್ದಂತೆ ಕೇಳಿದರೆ ಮೂರು ಕಡೆ ನೋಡಿ. ಹಿಸ್ ತಗ್ಗಿಸುವ ಡಾಲ್ಬಿ ಇಲ್ಲದೆ ಬರೆಸಿದ ಕ್ಯಾಸೆಟ್ಟಿಗೆ ಡಾಲ್ಬಿ ಒತ್ತಿರಬಹುದು. ಸಾಮಾನ್ಯ ಟೇಪಿಗೆ ಕ್ರೋಮ್ ಎಂಬ ಬೇರೆ ಬಗೆಯ ಟೇಪಿನ ಗುಂಡಿ ಒತ್ತಿರಬಹುದು. ಎರಡೂ ಅಲ್ಲವಾದರೆ ಹೆಡ್ಡಿನ ಓರೆ. ಹೆಡ್ಡಿನ ಪಕ್ಕದ ಸ್ಪ್ರಿಂಗ್ ಇರುವ ಸ್ಕ್ರೂವಿನ ಈಗಿನ ಸ್ಥಾನವನ್ನು ಉಗುರುಬಣ್ಣದಿಂದ ಗುರುತು ಮಾಡಿ, ಸದ್ದನ್ನು ಮೋನೋಗೆ ಹಾಕಿ, ‘ಟೀನ್ ಸ್ಪಿರಿಟ್’ನ ಪಲ್ಲವಿಯಲ್ಲಿ ಡ್ರಮ್ಮರ್ ಡೇವ್ ಗ್ರೋಲ್‌ನ ಸಿಂಬಲ್ ಅತಿ ಚೂಪಾಗಿ ಕೇಳುವವರೆಗೆ ಕೂದಲೆಳೆಯಷ್ಟು ತಿರುಗಿಸಿ. ಒಂದೊಂದು ಕ್ಯಾಸೆಟ್ಟಿಗೂ ಇದು ಬದಲಾಗುತ್ತದೆ, ಬರೆದ ಯಂತ್ರಗಳೇ ಬೇರೆ ಬೇರೆ. ಗೋವಾ, ಕೊಂಕಣದ ಉಪ್ಪುಗಾಳಿಯಲ್ಲಿ ಈ ಸ್ಕ್ರೂ ತುಕ್ಕು ಹಿಡಿದಿರುತ್ತದೆ, ಬಲ ಹಾಕಿದರೆ ತಲೆಯೇ ಕಿತ್ತುಬರುತ್ತದೆ.

ಸಂಪರ್ಕ ಕೊಡುವುದು ಹೆಡ್‌ಫೋನ್ ತೂತಿನಿಂದಲ್ಲ, ಲೈನ್-ಔಟ್‌ನಿಂದ ಕಂಪ್ಯೂಟರಿನ ಲೈನ್-ಇನ್‌ಗೆ. ಆಡಾಸಿಟಿ ತಂತ್ರಾಂಶ ಉಚಿತ. 44.1 ಕಿಲೋಹರ್ಟ್ಸ್, 24 ಬಿಟ್, ಅತಿ ಜೋರಿನ ಜಾಗದಲ್ಲೂ ಮಟ್ಟ ಮೈನಸ್ 6 ಡೆಸಿಬೆಲ್ ದಾಟದಂತೆ ಇಟ್ಟುಕೊಳ್ಳಿ. ಉಳಿಸುವುದು ಗುಣಮಟ್ಟ ಕಳೆಯದ ಫ್ಲ್ಯಾಕ್ ಕಡತದಲ್ಲಿ. ಹಿಸ್ ತೆಗೆಯುವ ಗುಂಡಿ ಆಕರ್ಷಕ, ಆದರೆ ಹಿಸ್ ಜೊತೆಗೆ ಸಿಂಬಲ್ಲೂ ಹೋಗುತ್ತದೆ. ಸಿ.ಡಿ.ಯಿಂದ ಇಳಿಸುವವರು ಮೌನ ಬಂದಲ್ಲಿ ತಾನೇ ನಿಲ್ಲಿಸುವ ಸೌಲಭ್ಯವನ್ನು ಮುಚ್ಚಿಡಿ. ‘ನೆವರ್‌ಮೈಂಡ್’ನ ಕೊನೆಯ ಹಾಡಾದ ಮೇಲೆ ಸುಮಾರು ಹತ್ತು ನಿಮಿಷ ಮೌನ, ಆಮೇಲೆ ಬಚ್ಚಿಟ್ಟ ಹಾಡೊಂದಿದೆ. ಮೊಟ್ಟಮೊದಲ ಕಂತಿನ ಸಿ.ಡಿ.ಗಳಲ್ಲಿ ಮಾತ್ರ ಅದು ತಪ್ಪಿಹೋಗಿತ್ತು.

ಗೆಳೆಯರಿಂದ ಬರೆಸಿಕೊಂಡ ಸಿ-90 ಕ್ಯಾಸೆಟ್ಟುಗಳ ಬಗ್ಗೆಯೂ ಒಂದು ಮಾತು. ಒಂದು ಬದಿಗೆ 45 ನಿಮಿಷ. ‘ನೆವರ್‌ಮೈಂಡ್’ನ ಹನ್ನೆರಡು ಹಾಡು 42 ನಿಮಿಷ ಚಿಲ್ಲರೆ, ಸಲೀಸಾಗಿ ಹಿಡಿಯುತ್ತದೆ. ‘ಟೆನ್’ 53 ನಿಮಿಷ. ಅದರ ಕೊನೆಯ ಹಾಡು ‘ರಿಲೀಸ್’ ಶುರುವಾಗುವುದೇ 44ನೇ ನಿಮಿಷ ಕಳೆದ ಮೇಲೆ. ಹಾಗಾಗಿ ಒಂದೇ ಬದಿಗೆ ಬರೆಸಿದ ಪ್ರತಿಗಳಲ್ಲಿ ಗಾಯಕ ಎಡ್ಡಿ ವೆಡ್ಡರ್ ಬಾಯಿ ತೆರೆಯುವಷ್ಟರಲ್ಲಿ ಟೇಪು ಮುಗಿದಿರುತ್ತದೆ. ಅದನ್ನು ಟೇಪ್ ಹಾಳಾಗಿದೆ ಎಂದುಕೊಂಡು ಎಸೆಯಬೇಡಿ.

ಇನ್ನು, ಕೆಲಸ ಶುರುಮಾಡುವ ಮೊದಲು ಕ್ಯಾಸೆಟ್ಟಿನ ಬೆನ್ನಿನ ಎರಡು ಮೂಲೆಗಳಲ್ಲಿರುವ ಚಿಕ್ಕ ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಡಿ, ಆಗ ಅದರ ಮೇಲೆ ಮತ್ತೆ ರೆಕಾರ್ಡ್ ಆಗುವುದಿಲ್ಲ. ಇಲ್ಲವಾದರೆ ಮನೆಯ ಮಗು ಕೆಂಪು ರೆಕಾರ್ಡ್ ಗುಂಡಿ ಒತ್ತಿದ ಗಳಿಗೆಯಲ್ಲಿ ‘ರಿಲೀಸ್’ ಜೊತೆಗೆ ಮೊದಲ ಹಾಡು ‘ಒನ್ಸ್’ ಕೂಡ ಹೋಗುತ್ತದೆ.

— ಓರ್ವ ಓದುಗ, ಮಾಟುಂಗಾ, ಮುಂಬೈ